ಮೀಸೆ ಮೂಡುವ ಮುನ್ನ

ಮಗನಿಗೆ ಹದಿನಾರು ತುಂಬಿದೊಡನೆ ಅವನನ್ನು ಮಿತ್ರನಂತೆ ಕಾಣಬೇಕೆಂಬುದು ಹಿರಿಯರಿಂದ ಬಂದ ಮಾತು. ಉಪನಯನದ ಚಪ್ಪರದಿಂದ ಹಿಡಿದು ಶಾಲೆಯ ಬಹುಮಾನ ವಿತರಣೆಯವರೆಗೆ ಈ ಮಾತು ಕೇಳಿಬರದ ಸಮಾರಂಭ ವಿರಳ. ಮಾತು ಒಳ್ಳೆಯದೇ. ಆದರೆ ಅದರಲ್ಲಿ ಹೇಳಿರುವ ವಯಸ್ಸನ್ನು ಇಂದಿನ ಪಾಲಕರು ಮತ್ತೊಮ್ಮೆ ಲೆಕ್ಕ ಹಾಕಿ ನೋಡುವುದು ಲೇಸು. ಹದಿನಾರನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಹುಡುಗನ ದೇಹದಲ್ಲಿ ಆಗಬೇಕಾದ ಬದಲಾವಣೆಗಳಲ್ಲಿ ಬಹುಪಾಲು ಆಗಿಹೋಗಿರುತ್ತವೆ. ತಂದೆ ಮಿತ್ರನಾಗಲು ಸಿದ್ಧನಾಗುವ ಹೊತ್ತಿಗೆ ಆ ಸ್ಥಾನದಲ್ಲಿ ಬೇರೆ ಯಾರೋ ಬಂದು ಕುಳಿತಿರುತ್ತಾರೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಡೊಂಬಿವಲಿಯಲ್ಲಿ ಎರಡು ಕೋಣೆಗಳ ಬಿಡಾರ. ಅಜ್ಜ, ತಂದೆ, ತಾಯಿ ಮತ್ತು ಹದಿಮೂರು ವರ್ಷದ ಹುಡುಗ. ರಾತ್ರಿ ಎರಡು ಗಂಟೆಗೆ ಹುಡುಗನಿಗೆ ಎಚ್ಚರವಾಗುತ್ತದೆ. ಒಂದು ಕಡೆಯ ವೃಷಣದಲ್ಲಿ ತಾಳಲಾರದ ನೋವು. ಆದರೆ ಅವನು ತಾಯಿಯನ್ನು ಎಬ್ಬಿಸಿ ಹೇಳುವುದು “ಅಮ್ಮಾ, ಹೊಟ್ಟೆನೋವು” ಎಂದು. ಸುಳ್ಳಾಡುವ ಉದ್ದೇಶ ಅವನಿಗಿಲ್ಲ. ನೋಯುತ್ತಿರುವ ಅಂಗದ ಹೆಸರನ್ನು ಅವನು ಮನೆಯಲ್ಲಿ ಎಂದೂ ಕೇಳಿಲ್ಲ. ಬೀದಿಯಲ್ಲಿ ಕೇಳಿದ ಹೆಸರುಗಳೆಲ್ಲ ಬೈಗುಳಗಳು. ಅವನ್ನು ತಾಯಿಯೆದುರು ಉಚ್ಚರಿಸುವಂತಿಲ್ಲ. ತಾಯಿ ಜೀರಿಗೆ ಕಷಾಯ ಮಾಡಿಕೊಡುತ್ತಾರೆ. ವಾಂತಿಯಾಗುತ್ತದೆ. ಸಂಜೆ ತಿಂದ ವಡಾಪಾವಿನ ಮೇಲೆ ಅಪರಾಧ ಹೊರಿಸಲಾಗುತ್ತದೆ. ಬೆಳಗ್ಗೆ ತಂದೆ ಎಂದಿನ ಲೋಕಲ್ ಹಿಡಿದು ಕಚೇರಿಗೆ ಹೋಗುತ್ತಾರೆ. ಹತ್ತು ಗಂಟೆಗೆ ವೈದ್ಯರ ಬಳಿ ಹೋಗುವಾಗ ಎಂಟು ಗಂಟೆಗಳು ಕಳೆದಿರುತ್ತವೆ. ಆ ಎಂಟು ಗಂಟೆಗಳ ಬೆಲೆಯೇನೆಂಬುದನ್ನು ಮುಂದೆ ನೋಡೋಣ. ಮನೆ ಕಲ್ಪಿತವಾದುದು; ಆ ಮನೆಯಲ್ಲಿರುವ ಮೌನ ಮಾತ್ರ ಅನೇಕ ಮನೆಗಳಲ್ಲಿ ಇರುವಂಥದೇ.

ಅಜ್ಜನಿಗಿಲ್ಲದ ಹರೆಯ

ಈ ಮೌನಕ್ಕೆ ಕಾರಣವಿದೆ. ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿನಲ್ಲಿ ಹಲವರು ಹನ್ನೆರಡು, ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟವರು. ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು. ಅವರಿಗೆ ಬಾಲ್ಯ ಮುಗಿದ ಮರುದಿನವೇ ಸಂಸಾರದ ಭಾರ ಹೆಗಲೇರಿತು. ಧ್ವನಿ ಒಡೆದದ್ದು, ಮೀಸೆ ಬಂದದ್ದು, ಯಾರನ್ನೋ ಕಂಡು ಮನಸ್ಸು ಅರಳಿದ್ದು ಇವುಗಳನ್ನು ಕುರಿತು ಯೋಚಿಸಲು ಬಿಡುವಿರಲಿಲ್ಲ. ತಮಗೆ ಇಲ್ಲದಿದ್ದುದನ್ನು ಅವರು ಮಗನಿಗೆ ವಿವರಿಸಲಿಲ್ಲ. ಆ ಮಗ ಇಂದು ತನ್ನ ಮಗನಿಗೆ ವಿವರಿಸಲಾರ.

ಊರಿನಲ್ಲಿ ಉಳಿದವರ ಸ್ಥಿತಿ ಸ್ವಲ್ಪ ಬೇರೆಯಾಗಿತ್ತು. ಅಲ್ಲಿ ಸೋದರಮಾವನಿದ್ದ, ಹೊಳೆಯಲ್ಲಿ ಈಜು ಕಲಿಸುವ ದೊಡ್ಡಪ್ಪನ ಮಗನಿದ್ದ. ಅವರು ಹೇಳುತ್ತಿದ್ದುದರಲ್ಲಿ ಅರ್ಧ ತಪ್ಪೇ ಇದ್ದರೂ ಹೇಳುವವರೆಂಬವರು ಇದ್ದರು. ನಗರದ ಎರಡು ಕೋಣೆಗಳ ಮನೆಗೆ ಸೋದರಮಾವ ಬರುವುದು ವರ್ಷಕ್ಕೊಮ್ಮೆ, ಅದೂ ಯಾವುದಾದರೂ ಮದುವೆಗೆ.

ಇನ್ನೊಂದು ವಿಷಯವೂ ಗಮನಾರ್ಹ. ಹುಡುಗಿ ಪ್ರಾಯಕ್ಕೆ ಬಂದಳೆಂದರೆ ಕನ್ನಡದಲ್ಲಿ ಅದಕ್ಕೆ ಮಾತಿದೆ: ಮೈನೆರೆದಳು, ದೊಡ್ಡವಳಾದಳು. ಅನೇಕ ಮನೆತನಗಳಲ್ಲಿ ಆರತಿಯೂ ಉಂಟು. ತಾಯಿಯೋ ಅಜ್ಜಿಯೋ ಕಡ್ಡಾಯವಾಗಿ ನಾಲ್ಕು ಮಾತು ಹೇಳಲೇಬೇಕಾಗುತ್ತದೆ. ಹುಡುಗನ ವಿಷಯದಲ್ಲಿ ಮಾತೂ ಇಲ್ಲ, ಆರತಿಯೂ ಇಲ್ಲ. ಅವನು ಗಂಡು, ತಾನೇ ತಿಳಿದುಕೊಳ್ಳುತ್ತಾನೆಂದು ಎಲ್ಲರೂ ಸುಮ್ಮನಿರುತ್ತಾರೆ.

ದೇಹದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವನ್ನು 10ರಿಂದ 19 ವರ್ಷಗಳೆಂದು ಗುರುತಿಸುತ್ತದೆ. ಹುಡುಗರಲ್ಲಿ ದೇಹದ ಬದಲಾವಣೆಗಳು ಸಾಮಾನ್ಯವಾಗಿ 9ರಿಂದ 14 ವರ್ಷಗಳ ನಡುವೆ ಎಂದಾದರೂ ಆರಂಭವಾಗಬಹುದು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಸೂಚನೆ ಕೊಡುತ್ತದೆ. ಅದರಂತೆ ವೃಷಣಗಳು ಬೆಳೆದು ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸ್ರವಿಸತೊಡಗುತ್ತವೆ. ಹೀಗೆ ವೃಷಣಗಳು ದೊಡ್ಡವಾಗುವುದೇ ಮೊದಲ ಚಿಹ್ನೆ. ಅನಂತರ ಗುಹ್ಯರೋಮ, ಎತ್ತರದ ಓಟ, ಧ್ವನಿಯ ಬದಲಾವಣೆ. ಮೀಸೆ ಬರುವುದು ಇವೆಲ್ಲವುಗಳ ಬಳಿಕ. ಎಂದರೆ, ಚಿಗುರು ಮೀಸೆಯನ್ನು ಕಂಡು “ಹುಡುಗ ದೊಡ್ಡವನಾಗುತ್ತಿದ್ದಾನೆ” ಎಂದು ತಂದೆ ಹೇಳುವ ವೇಳೆಗೆ ಆ ಕಾರ್ಯ ಆರಂಭವಾಗಿ ಎರಡು ಮೂರು ವರ್ಷಗಳೇ ಕಳೆದಿರುತ್ತವೆ.

ಬೆಳವಣಿಗೆಯ ಓಟ ತುದಿಗೇರಿದ ವರ್ಷ ಹುಡುಗ ಒಂಬತ್ತು, ಹತ್ತು ಸೆಂಟಿಮೀಟರು ಬೆಳೆಯಬಲ್ಲ. ಕೈಕಾಲು ಮೊದಲು ಉದ್ದವಾಗುವುದರಿಂದ ಕೈಯಲ್ಲಿದ್ದ ಲೋಟ ಬೀಳುತ್ತದೆ, ಬಾಗಿಲಿಗೆ ಭುಜ ತಾಗುತ್ತದೆ. ಮನೆಯವರು “ಗಮನವಿಲ್ಲದವನು” ಎನ್ನುತ್ತಾರೆ. ಧ್ವನಿಪೆಟ್ಟಿಗೆ ಬೆಳೆದು ಸ್ವರತಂತುಗಳು ಉದ್ದವಾಗುವಾಗ ಧ್ವನಿ ಒಡೆಯುತ್ತದೆ. ನಿನ್ನೆಯವರೆಗೆ ಗಣೇಶೋತ್ಸವದಲ್ಲಿ ಭಜನೆ ಹಾಡುತ್ತಿದ್ದವನು ಇಂದು ವೇದಿಕೆಯೇರಲು ಒಲ್ಲನು. ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎದೆಯ ಭಾಗ ತಾತ್ಕಾಲಿಕವಾಗಿ ಉಬ್ಬುತ್ತದೆ. ಅದು ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಈ ಒಂದು ವಿಷಯ ತಿಳಿಯದೆ ಈಜುಕೊಳಕ್ಕೆ ಹೋಗುವುದನ್ನು ನಿಲ್ಲಿಸುವ, ಸೆಕೆಯಲ್ಲೂ ದಪ್ಪ ಅಂಗಿ ಬಿಡದ ಹುಡುಗರುಂಟು.

ನಿದ್ರೆಯಲ್ಲಿ ವೀರ್ಯಸ್ಖಲನವಾಗುವುದು ರೋಗವಲ್ಲ. ಅದರಿಂದ ನೆನಪಿನ ಶಕ್ತಿ ಕುಂದುವುದಿಲ್ಲ, ದೇಹ ಸೊರಗುವುದಿಲ್ಲ. ಆದರೆ ಇದನ್ನು ಮನೆಯಲ್ಲಿ ಹೇಳದಿದ್ದರೆ ಹೇಳಲು ಇತರರಿದ್ದಾರೆ. ಲೋಕಲ್ ಗಾಡಿಯ ಡಬ್ಬಿಗಳಲ್ಲಿಯೂ ಹಳಿಯ ಪಕ್ಕದ ಗೋಡೆಗಳ ಮೇಲೆಯೂ “ಗುಪ್ತರೋಗ”ದ ಜಾಹೀರಾತುಗಳನ್ನು ಓದದ ಮುಂಬಯಿಕರನಿಲ್ಲ. ಹದಿಮೂರರ ಹುಡುಗನೂ ಅವನ್ನು ಓದುತ್ತಾನೆ. ತನಗೂ ಆ ರೋಗವಿದೆಯೆಂದು ಹೆದರುತ್ತಾನೆ. ಕೈಯಲ್ಲಿ ಮೊಬೈಲು ಇದ್ದರೆ ಇನ್ನಷ್ಟು ವಿಕೃತವಾದ ಪಾಠಗಳನ್ನು ನೋಡುತ್ತಾನೆ.

ಇನ್ನು ಮೊದಲು ಹೇಳಿದ ಎಂಟು ಗಂಟೆಗಳ ವಿಷಯ. ವೃಷಣಕ್ಕೆ ರಕ್ತ ಒಯ್ಯುವ ಹುರಿಯಂತಹ ಭಾಗವು ಕೆಲವೊಮ್ಮೆ ಇದ್ದಕ್ಕಿದ್ದಂತೆ ತಿರುಚಿಕೊಳ್ಳುತ್ತದೆ. ವೈದ್ಯರು ಇದನ್ನು ಟಾರ್ಶನ್ ಎನ್ನುತ್ತಾರೆ. 12ರಿಂದ 18ರ ವಯಸ್ಸಿನಲ್ಲಿ ಇದು ಹೆಚ್ಚು. ಹಠಾತ್ತಾಗಿ ತೀವ್ರವಾದ ನೋವು, ಓಕರಿಕೆ ಅಥವಾ ವಾಂತಿ, ಹಲವು ವೇಳೆ ಕಿಬ್ಬೊಟ್ಟೆಯಲ್ಲಿಯೂ ನೋವು ಇದರ ಲಕ್ಷಣಗಳು. ರಕ್ತಸಂಚಾರ ನಿಂತಿರುವುದರಿಂದ ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಸಂಭವ ಬಹಳ ಹೆಚ್ಚು. ಅನಂತರ ಗಂಟೆಗಂಟೆಗೂ ಆ ಸಂಭವ ಇಳಿಯುತ್ತ ಹೋಗುತ್ತದೆ. ಕಷಾಯ ಕುಡಿಸಿ ಬೆಳಗಾಗಲೆಂದು ಕಾಯುವ ನೋವು ಇದಲ್ಲ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಆ ರಾತ್ರಿಯೇ ಧಾವಿಸಬೇಕು. ಒಂದು ವೃಷಣ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಮುಂದಿನ ಸಂಸಾರಜೀವನಕ್ಕೆ ಅಡ್ಡಿಯಿಲ್ಲ. ಆದರೆ ಒಂದು ಶಬ್ದದ ಸಂಕೋಚಕ್ಕಾಗಿ ಹುಡುಗನೊಬ್ಬ ಅಂಗವೊಂದನ್ನು ಕಳೆದುಕೊಳ್ಳುವುದು ದುಬಾರಿ ಬೆಲೆಯೇ ಸರಿ.

ಗೆಳೆತನದ ಸೆಳೆತ

ಈ ವಯಸ್ಸಿನಲ್ಲಿ ಗೆಳೆಯರ ಮಾತಿಗಿರುವ ತೂಕ ತಂದೆತಾಯಿಯರ ಮಾತಿಗಿಲ್ಲವೆಂಬುದು ಪಾಲಕರ ಸಾಮಾನ್ಯ ದೂರು. ಇದಕ್ಕೆ ಬುಡದಲ್ಲಿ ಮಿದುಳಿನ ಬೆಳವಣಿಗೆಯ ಕ್ರಮವೇ ಇದೆ. ಸುಖ, ಸಾಹಸ, ಮೆಚ್ಚುಗೆಗಳಿಗೆ ಓಗೊಡುವ ಭಾಗಗಳು ಹದಿಹರೆಯದಲ್ಲಿಯೇ ಚುರುಕಾಗುತ್ತವೆ. ಹಿಂದುಮುಂದು ನೋಡಿ ತಡೆಹಿಡಿಯುವ ಮುಂಭಾಗ ಪೂರ್ಣವಾಗಿ ಪಕ್ವವಾಗುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾರು ಓಡಿಸುವ ಗಣಕದ ಆಟವನ್ನು ಕೆಲವರಿಗೆ ಒಂಟಿಯಾಗಿ, ಕೆಲವರಿಗೆ ಗೆಳೆಯರೆದುರು ಆಡಲು ಕೊಟ್ಟರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಒಂಟಿಯಾಗಿದ್ದಾಗಿಗಿಂತ ಬಹಳ ಹೆಚ್ಚಿನ ಅಪಾಯಗಳಿಗೆ ಕೈಹಾಕಿದರು. 24 ದಾಟಿದವರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಒಬ್ಬನೇ ಇದ್ದಾಗ ಗಾಡಿಯ ಒಳಗೆ ಸರಿದು ನಿಲ್ಲುವ ಹುಡುಗ ನಾಲ್ವರು ಗೆಳೆಯರಿದ್ದಾಗ ಬಾಗಿಲ ಕಂಬಿ ಹಿಡಿದು ಏಕೆ ಜೋತಾಡುತ್ತಾನೆ ಎಂಬುದು ಇದರಿಂದ ಅರ್ಥವಾಗುತ್ತದೆ. ಅವನಿಗೆ ಬುದ್ಧಿ ಇಲ್ಲವೆಂದಲ್ಲ. ಗೆಳೆಯರ ಕಣ್ಣೆದುರು ಆ ಬುದ್ಧಿ ಕೆಲಸಕ್ಕೆ ಬರುವುದು ಕಷ್ಟ.

ಆದ್ದರಿಂದ ಗೆಳೆಯರನ್ನು ದೂರವಿಡುವುದಕ್ಕಿಂತ ಅವರನ್ನು ಮನೆಗೆ ಕರೆಯುವುದು ಜಾಣತನ. ನೀರುದೋಸೆಯೋ ಉಪ್ಪಿಟ್ಟೋ ಎದುರಿಟ್ಟಾಗ ಹುಡುಗರ ಬಾಯಿಂದ ಬರುವ ವಾರ್ತೆಗಳು ಯಾವ ವಿಚಾರಣೆಯಿಂದಲೂ ಹೊರಬರುವುದಿಲ್ಲ. ಪಾಲಕರು ಕೇಳಿಸಿಕೊಂಡರೆ ಸಾಕು. ಪ್ರತಿಯೊಂದಕ್ಕೂ ಉಪದೇಶ ಸೇರಿಸಬೇಕಾಗಿಲ್ಲ.

ಮೊದಲ ಒಲವು

ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬೆಳವಣಿಗೆಯ ಓಟಕ್ಕೆ ತೊಡಗುತ್ತಾರೆ. ಹೀಗಾಗಿ ಏಳನೆಯ, ಎಂಟನೆಯ ತರಗತಿಯಲ್ಲಿ ಹುಡುಗಿ ಎತ್ತರ, ಹುಡುಗ ಗಿಡ್ಡ. ತಾನು ಮೆಚ್ಚಿದವಳ ಪಕ್ಕದಲ್ಲಿ ತಮ್ಮನಂತೆ ಕಾಣುವ ಸಂಕಟ ಹೊರಗಿನವರಿಗೆ ನಗೆಯ ವಿಷಯ, ಅವನಿಗಲ್ಲ.

ಡೊಂಬಿವಲಿಯ ಅದೇ ಹುಡುಗ ಟ್ಯೂಷನ್ ತರಗತಿಯಲ್ಲಿ ಒಬ್ಬಳನ್ನು ಮೆಚ್ಚಿದನೆನ್ನೋಣ. ಅವಳೊಡನೆ ಆಡಿದ್ದು ಎರಡು ಮಾತು: ಒಮ್ಮೆ ರಬ್ಬರು ಕೇಳಿದ್ದು, ಮತ್ತೊಮ್ಮೆ ಮರಳಿಸಿದ್ದು. ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳ ಹೆಸರು ಬರೆದ. ಬಾಲವಾಡಿಯಿಂದಲೂ ಜೊತೆಗಿದ್ದ ಗೆಳೆಯ ಆ ಹಾಳೆಯ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ. ಸಂಜೆಯೊಳಗೆ ಎಲ್ಲರೂ ನಕ್ಕರು. ಹುಡುಗಿ ಟ್ಯೂಷನ್ನಿನ ವೇಳೆ ಬದಲಿಸಿಕೊಂಡಳು. ವಿಷಯ ಮನೆಗೆ ಮುಟ್ಟಿದಾಗ ತಂದೆ ಹುಡುಗಿಯ ಬಗೆಗೆ ಗದರಿಸುತ್ತಾರೆ. ಅಜ್ಜ ತಲೆ ಚಚ್ಚಿಕೊಳ್ಳುತ್ತಾರೆ. ಹುಡುಗ ಆ ರಾತ್ರಿ ಊಟ ಬಿಟ್ಟದ್ದು ಹುಡುಗಿಗಾಗಿ ಅಲ್ಲವೆಂಬುದು ಯಾರಿಗೂ ಹೊಳೆಯುವುದಿಲ್ಲ. ಹತ್ತು ವರ್ಷಗಳ ಗೆಳೆಯನನ್ನು ಅವನು ಕಳೆದುಕೊಂಡಿದ್ದಾನೆ. ಗೆಳೆತನ ಮುರಿದ ದುಃಖವನ್ನು ಮನೆಯಲ್ಲಿ ಯಾರೂ ದುಃಖವೆಂದು ಎಣಿಸುವುದಿಲ್ಲವಾದ್ದರಿಂದ ಅವನು ಅದನ್ನೂ “ಹೊಟ್ಟೆನೋವು” ಎಂದೇ ಹೇಳುತ್ತಾನೆ.

ಒಲವು ಅಪರಾಧವಲ್ಲವೆಂದು ಮೊದಲು ಹೇಳಬೇಕು. ಅನಂತರವೇ ಉಳಿದ ಮಾತು: ತನಗೆ ಇಷ್ಟವಾದುದರಿಂದ ಅವಳಿಗೂ ಇಷ್ಟವಾಗಲೇಬೇಕೆಂದಿಲ್ಲ; ಅವಳು ಬೇಡವೆಂದರೆ ಅದು ಬೇಡವೇ; ಅದರಿಂದ ಇವನ ಗೌರವ ಕುಂದುವುದಿಲ್ಲ; ಅವಳ ಹೆಸರನ್ನಾಗಲಿ ಚಿತ್ರವನ್ನಾಗಲಿ ಇತರರಿಗೆ ಹಂಚುವುದು ಗಂಡಸುತನವಲ್ಲ. ಕಾನೂನಿನ ತಿಳಿವಳಿಕೆಯೂ ಅಗತ್ಯ. 2012ರ ಪೋಕ್ಸೊ ಕಾಯಿದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು; ಅವರ ವಿಷಯದಲ್ಲಿ ಪರಸ್ಪರ ಒಪ್ಪಿಗೆಯಿತ್ತೆಂಬ ಸಮಾಧಾನ ನಡೆಯದು. ಅದೇ ಕಾಯಿದೆ ಹುಡುಗನ ರಕ್ಷಣೆಗೂ ಇದೆ. ಹಿರಿಯರೊಬ್ಬರು ಅವನ ಮೈಮುಟ್ಟಿ ಕೆಟ್ಟದಾಗಿ ವರ್ತಿಸಿದರೆ ತಪ್ಪು ಅವನದಲ್ಲವೆಂದೂ ಮನೆಯಲ್ಲಿ ಹೇಳಬಹುದೆಂದೂ ಅವನಿಗೆ ಮೊದಲೇ ತಿಳಿದಿರಬೇಕು.

ಕೆಲವು ಹುಡುಗರ ಒಲವು ಹುಡುಗಿಯ ಕಡೆಗಿರದೆ ಹುಡುಗನ ಕಡೆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ವಯಸ್ಕರ ನಡುವಿನ ಒಪ್ಪಿತ ಸಂಬಂಧ ಅಪರಾಧವಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಅಂತಹ ಹುಡುಗನಿಗೆ ಔಷಧವಾಗಲಿ ಹರಕೆಯಾಗಲಿ ಬೇಕಿಲ್ಲ. ಮನೆಯ ಬಾಗಿಲು ತೆರೆದೇ ಇದೆಯೆಂಬ ಭರವಸೆ ಬೇಕು.

ತಾನು ಯಾರು?

ಹೊರನಾಡ ಕನ್ನಡಿಗರ ಹುಡುಗನಿಗೆ ಇನ್ನೊಂದು ಗಂಟೂ ಇದೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ, ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ. ತಾಯಿ ಫೋನು ಮಾಡಿದಾಗ ಗೆಳೆಯರೆದುರು ಕನ್ನಡದಲ್ಲಿ ಉತ್ತರಿಸಲು ನಾಚಿ ಹಿಂದಿಯಲ್ಲಿ ಮಾತು ಮುಗಿಸುತ್ತಾನೆ. ಮುಂಬಯಿಯ ಗೆಳೆಯರಿಗೆ ಅವನು “ಮದ್ರಾಸಿ”. ಮೇ ತಿಂಗಳಲ್ಲಿ ಊರಿಗೆ ಹೋದರೆ ಅಲ್ಲಿಯ ಹುಡುಗರಿಗೆ “ಬೊಂಬಾಯಿಯವನು”. ತಾನು ಎಲ್ಲಿಯವನೆಂಬ ಪ್ರಶ್ನೆ ಅವನಿಗೆ ಪುಸ್ತಕದ ಪ್ರಶ್ನೆಯಾಗಿರುವುದಿಲ್ಲ.

ಹದಿಹರೆಯದ ಮುಖ್ಯ ಕೆಲಸವೇ “ನಾನು ಯಾರು” ಎಂಬುದಕ್ಕೆ ಉತ್ತರ ಕಂಡುಕೊಳ್ಳುವುದೆಂದು 1950ರಲ್ಲಿ ಬರೆದವರು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್. ಅವರ ಸ್ವಂತ ಬಾಲ್ಯವೇ ಈ ಪ್ರಶ್ನೆಯಾಗಿತ್ತು. 1902ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರಿಗೆ ಹೆತ್ತ ತಂದೆ ಯಾರೆಂದು ತಿಳಿಯಲಿಲ್ಲ. ಯಹೂದಿ ಮನೆಯಲ್ಲಿ ಬೆಳೆದರು. ಎತ್ತರದ ನಿಲುವು, ಹೊಂಗೂದಲು, ನೀಲಿ ಕಣ್ಣುಗಳನ್ನು ಕಂಡು ಯಹೂದಿ ಮಂದಿರದ ಮಕ್ಕಳು ಹೊರಗಿನವನೆಂದು ಚುಡಾಯಿಸಿದರೆ, ಶಾಲೆಯ ಮಕ್ಕಳು ಯಹೂದಿಯೆಂದು ಚುಡಾಯಿಸಿದರು. ಅಮೆರಿಕಕ್ಕೆ ಹೋದ ಮೇಲೆ ಎರಿಕ್ಸನ್ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಎರಡೂ ಕಡೆ ಪರಕೀಯನೆನಿಸಿಕೊಂಡ ಹುಡುಗನೇ ಮುಂದೆ ಹುಡುಗರ ಮನಸ್ಸನ್ನು ಜಗತ್ತಿಗೆ ಅರ್ಥಮಾಡಿಸಿದ್ದು ಡೊಂಬಿವಲಿಯ ಹುಡುಗನಿಗೆ ಧೈರ್ಯ ಕೊಡುವ ಸಂಗತಿ.

ಮನೆಯಲ್ಲಿ ಕನ್ನಡವೆಂದರೆ “ಓದು”, “ಉಣ್ಣು”, “ಮಲಗು” ಎಂಬ ಮೂರು ಆಜ್ಞೆಗಳಷ್ಟೇ ಆಗಿದ್ದರೆ ಹುಡುಗ ತನ್ನ ಅಂತರಂಗವನ್ನು ಆ ಭಾಷೆಯಲ್ಲಿ ಇಡಲಾರ. ಸಂಶಯ, ನಾಚಿಕೆ, ಸೋಲು, ಒಲವು ಇವುಗಳನ್ನೂ ಕನ್ನಡದಲ್ಲಿ ಆಡಬಹುದೆಂದು ಅವನಿಗೆ ಕಾಣಬೇಕು. ಭಾಷೆಯನ್ನು ಉಳಿಸುವ ಠರಾವುಗಳಷ್ಟೇ ಮುಖ್ಯವಾದ ಕೆಲಸವಿದು.

ದಿನಕ್ಕೆರಡಾಣೆ

ಹಾಗಾದರೆ ಮಾತು ಆರಂಭಿಸುವುದು ಹೇಗೆ? 1928ರಲ್ಲಿ ಉಡುಪಿಯಲ್ಲಿ ಆರಂಭವಾದ ಪಿಗ್ಮಿ ಠೇವಣಿಯನ್ನು ಕರಾವಳಿಯ ಹಿರಿಯರೆಲ್ಲ ಬಲ್ಲರು. ಬ್ಯಾಂಕಿನವರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. ಒಮ್ಮೆಗೇ ನೂರು ರೂಪಾಯಿ ಕೊಡಲಾಗದವರೂ ಹೀಗೆ ಹಣ ಕೂಡಿಸಿದರು. ಮಗನ ವಿಶ್ವಾಸವನ್ನೂ ಹೀಗೆಯೇ ಕೂಡಿಸಬೇಕು. ಹತ್ತನೆಯ ವಯಸ್ಸಿನಿಂದಲೇ ದಿನಕ್ಕೆ ಐದು ನಿಮಿಷ. ಎದುರುಬದುರು ಕುಳ್ಳಿರಿಸಿ ಉಪನ್ಯಾಸ ಮಾಡುವುದಕ್ಕಿಂತ ಭಾನುವಾರ ಮಾರುಕಟ್ಟೆಗೆ ಹೋಗುವಾಗ ಪಕ್ಕಪಕ್ಕದಲ್ಲಿ ನಡೆಯುತ್ತ ಮಾತಾಡುವುದು ಇಬ್ಬರಿಗೂ ಸುಲಭ. “ನಿನ್ನ ವಯಸ್ಸಿನಲ್ಲಿ ನನ್ನ ಧ್ವನಿಯೂ ಒಡೆದಿತ್ತು ಮಗಾ, ಎಲ್ಲರೂ ನಕ್ಕಿದ್ದರು” ಎಂದು ತಂದೆ ಒಮ್ಮೆ ಹೇಳಿದರೆ ಅರ್ಧ ಕೆಲಸವಾದಂತೆ. ದೇಹದ ಅಂಗಗಳನ್ನು ಅವುಗಳ ಹೆಸರಿನಿಂದಲೇ ಕರೆಯಬೇಕು. ತಂದೆಗೆ ಸಂಕೋಚವಾದರೆ ಚಿಕ್ಕಪ್ಪನೋ ಸೋದರಮಾವನೋ ಕುಟುಂಬದ ವೈದ್ಯರೋ ಆ ಕೆಲಸ ಮಾಡಬಹುದು.

ನಿದ್ರೆಯ ವಿಷಯದಲ್ಲಿ ಸ್ವಲ್ಪ ಉದಾರರಾಗಬೇಕು. ಹದಿಹರೆಯದಲ್ಲಿ ನಿದ್ರೆ ಬರುವ ವೇಳೆಯೇ ಮುಂದಕ್ಕೆ ಸರಿಯುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ತಜ್ಞರ ಅಭಿಪ್ರಾಯ. ಮೊಬೈಲನ್ನು ರಾತ್ರಿ ಎಲ್ಲರೂ, ತಂದೆಯೂ ಸೇರಿ, ಹೊರಕೋಣೆಯಲ್ಲಿ ಇಡುವುದು ಒಳ್ಳೆಯ ಪದ್ಧತಿ.

ಎಂಟು ವರ್ಷದ ಹುಡುಗನಲ್ಲಿಯೇ ಪ್ರಾಯದ ಚಿಹ್ನೆಗಳು ಕಂಡರೆ, ಇಲ್ಲವೇ 14 ತುಂಬಿದರೂ ಯಾವ ಚಿಹ್ನೆಯೂ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು. ಎರಡು ವಾರ ಮೀರಿ ಹುಡುಗ ಮಂಕಾಗಿದ್ದರೆ, ಊಟ ನಿದ್ರೆ ಕೆಟ್ಟರೆ, ಗೆಳೆಯರನ್ನೆಲ್ಲ ಬಿಟ್ಟರೆ, ಬದುಕು ಸಾಕೆಂಬ ಮಾತಾಡಿದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು. ಬದುಕು ಸಾಕೆಂಬ ಮಾತು ಬಂದರೆ ಎರಡು ವಾರ ಕಾಯುವಂತೆಯೂ ಇಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಸಂಕಟದಲ್ಲಿರುವ ಮಕ್ಕಳಿಗೆ 1098 ಇದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಚಿಕಿತ್ಸಾಲಯಗಳಿವೆ. ಅವಕ್ಕೆ ಮಹಾರಾಷ್ಟ್ರದಲ್ಲಿ “ಮೈತ್ರಿ” ಎಂದೂ ಕರ್ನಾಟಕದಲ್ಲಿ “ಸ್ನೇಹ” ಎಂದೂ ಹೆಸರು. ಎರಡರ ಅರ್ಥವೂ ಒಂದೇ, ಹಿರಿಯರ ಆ ಮಾತಿನಲ್ಲಿ ಇದ್ದುದೂ ಅದೇ.

ಡೊಂಬಿವಲಿಯ ಮನೆಯಲ್ಲಿ ಮತ್ತೊಮ್ಮೆ ರಾತ್ರಿ ಎರಡು ಗಂಟೆಯೆಂದು ಕಲ್ಪಿಸಿಕೊಳ್ಳಬಹುದು. ಈ ಸಲ ಹುಡುಗ ಅಂಗಳದಷ್ಟೂ ಅಗಲವಿಲ್ಲದ ಆ ಕೋಣೆಯಲ್ಲಿ ಎದ್ದು, ತಂದೆಯ ಭುಜ ಅಲುಗಿಸಿ, “ಅಪ್ಪಾ, ಹೊಟ್ಟೆಯಲ್ಲ, ವೃಷಣದಲ್ಲಿ ನೋವು, ತಡೆಯಲಾಗುತ್ತಿಲ್ಲ” ಎನ್ನುತ್ತಾನೆ. ತಂದೆ ಎದ್ದು ಅಂಗಿ ತೊಡುತ್ತಾರೆ. ಅಜ್ಜ ದೀಪ ಹಾಕುತ್ತಾರೆ. ಎರಡೂವರೆಗೆ ರಿಕ್ಷಾ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತದೆ.

ಇಷ್ಟು ಸಾಧ್ಯವಾಗಬೇಕಾದರೆ ಮೊದಲ ಮಾತು ಮೀಸೆ ಮೂಡುವ ಮುನ್ನವೇ ಆಗಿರಬೇಕು. ಮನೆಯಲ್ಲಿ ಹತ್ತು ತುಂಬಿದ ಹುಡುಗನಿರುವ ಪಾಲಕರು ಬರುವ ಭಾನುವಾರವೇ ಅದನ್ನು ಆರಂಭಿಸಬಹುದು.